ಗೋಡೆಯ ಮೂರು ಕೆಲಸಗಳು

ಮನೆಗೆ ಗೋಡೆ ಏತಕ್ಕೆ ಎಂದು ಯಾರಾದರೂ ಕೇಳಿದರೆ, ಇದೂ ಒಂದು ಪ್ರಶ್ನೆಯೇ ಎಂದು ನಕ್ಕುಬಿಡುವವರೇ ಹೆಚ್ಚು. ಆದರೆ ಈ ಪ್ರಶ್ನೆಯನ್ನು ಮೂವರ ಮುಂದಿಟ್ಟು ನೋಡಿದರೆ ಮೂರು ಬೇರೆ ಬೇರೆ ಉತ್ತರಗಳು ದೊರೆಯುತ್ತವೆ. ಗೋಡೆಯೆಂಬುದು ಚಾವಣಿಯ ಭಾರವನ್ನು ಹೊತ್ತು ಅಸ್ತಿಭಾರಕ್ಕೆ ಇಳಿಸತಕ್ಕ ವಸ್ತು ಎಂದು ಎಂಜಿನಿಯರು ಹೇಳುವನು. ಗೋಡೆಯೆಂದರೆ ಇಷ್ಟು ಇಟ್ಟಿಗೆ, ಇಷ್ಟು ಮರಳು, ಇಷ್ಟು ಸಿಮೆಂಟು, ಇಷ್ಟು ಕೂಲಿ ಎಂದು ಕಂತ್ರಾಟುದಾರನು ಲೆಕ್ಕ ಹಾಕುವನು. ಬಿಸಿಲು ಮಳೆಗಳನ್ನು ಹೊರಗಿಟ್ಟು, ಕೊಠಡಿಯನ್ನು ಬೇಸಗೆಯ ಮಧ್ಯಾಹ್ನದಲ್ಲಿ ತಂಪಾಗಿಯೂ ಮಾಗಿಯ ರಾತ್ರಿಯಲ್ಲಿ ಬೆಚ್ಚಗೂ ಇಡತಕ್ಕದ್ದು ಗೋಡೆ ಎಂದು ಮನೆಯಲ್ಲಿ ವಾಸಮಾಡುವವರು ಹೇಳುವರು.

ಮೂವರು ಹೇಳಿದುದೂ ನಿಜವೇ. ಭಾರವನ್ನು ಹೊರುವುದು, ಸಿಕ್ಕುವ ಸಾಮಗ್ರಿಯನ್ನು ಮಿತವಾಗಿ ಸಾರ್ಥಕಪಡಿಸುವುದು, ಒಳಗಿನ ಹವೆಯನ್ನು ಹದದಲ್ಲಿಡುವುದು: ಇವು ಗೋಡೆಯ ಮೂರು ಕೆಲಸಗಳು, ಚಾವಣಿಗೂ ನೆಲಕ್ಕೂ ಕಿಟಕಿಗೂ ಇವೇ ಕೆಲಸಗಳು. ಹಿಂದಿನ ಕಾಲದ ಮನೆಯಲ್ಲಿ ಒಂದೇ ವಸ್ತು ಈ ಮೂರನ್ನೂ ಮಾಡುತ್ತಿತ್ತು. ನಮ್ಮ ಕಾಲದ ಕಟ್ಟಡದಲ್ಲಿ ಮೂರು ಕೆಲಸಗಳಿಗೆ ಮೂರು ಬೇರೆ ವಸ್ತುಗಳನ್ನು ನೇಮಿಸಿದ್ದೇವೆ. ಆ ಮೂರನ್ನೂ ಯೋಚಿಸಲು ಮೂರು ಬೇರೆ ತಜ್ಞರನ್ನು ನೇಮಿಸಿದ್ದೇವೆ. ಅವರು ಒಬ್ಬರ ಮಾತನ್ನೊಬ್ಬರು ಕೇಳದಿದ್ದಾಗ ಆಗುವ ನಷ್ಟವನ್ನು ತೆರತಕ್ಕವರು ಮಾತ್ರ ನಾವು. ಅಷ್ಟೇ ಅಲ್ಲ, ನಮ್ಮ ನೆರೆಯವರೂ ನಮ್ಮ ಮಕ್ಕಳೂ ಅದನ್ನು ತೆರಬೇಕಾಗುತ್ತದೆ. ಈಗ ಎಲ್ಲೆಲ್ಲಿಯೂ ಕೇಳಿಬರುತ್ತಿರುವ ಸುಸ್ಥಿರ ವಾಸ್ತುಶಿಲ್ಪ ಎಂಬ ಮಾತಿನ ತಿರುಳು ಇಷ್ಟೆ: ಮನೆಯು ತನ್ನ ಸುಖದ ವೆಚ್ಚವನ್ನು ಬೇರೆಯವರ ತಲೆಗೆ ಕಟ್ಟಬಾರದು. ಅದಕ್ಕೆ ಉಪಾಯವೆಂದರೆ ಅಗಲಿಹೋದ ಈ ಮೂರು ಕೆಲಸಗಳನ್ನು ಮತ್ತೆ ಒಂದುಗೂಡಿಸುವುದು. ಅವು ಹಿಂದೆ ಹೇಗೆ ಕೂಡಿದ್ದವು, ಹೇಗೆ ಅಗಲಿದವು, ಮತ್ತೆ ಕೂಡಲು ಸಾಧ್ಯವೇ ಎಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಮೈಸೂರು ಸೀಮೆಯ ತೊಟ್ಟಿಮನೆಯನ್ನು ತೆಗೆದುಕೊಳ್ಳಿ. ಅದರ ಹೊರಗೋಡೆಗಳು ಒಂದೂವರೆ ಎರಡು ಅಡಿ ದಪ್ಪದ ಮಣ್ಣಿನ ಗೋಡೆಗಳು. ಮಣ್ಣು ಕಲ್ಲಿನಂತೆ ಗಟ್ಟಿಯಾದ ಪದಾರ್ಥವಲ್ಲ; ಆದುದರಿಂದಲೇ ಭಾರ ಹೊರಲು ಅದಕ್ಕೆ ಅಷ್ಟು ದಪ್ಪ ಬೇಕಾಯಿತು. ಆದರೆ ಆ ದಪ್ಪವು ಕೇವಲ ಭಾರಕ್ಕಾಗಿ ವ್ಯಯವಾಗಲಿಲ್ಲ. ಹೊರಮೈಗೆ ತಗುಲಿದ ಬಿಸಿಲಿನ ಶಾಖವು ಅಷ್ಟು ದಪ್ಪದ ಮಣ್ಣನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆ ಕಳೆದು ರಾತ್ರಿಯಾಗುತ್ತಿತ್ತು. ಆಗ ಹೊರಗಿನ ಗಾಳಿ ತಣ್ಣಗಿರುತ್ತಿದ್ದುದರಿಂದ ಆ ಶಾಖದಿಂದ ಯಾರಿಗೂ ತೊಂದರೆಯಾಗುತ್ತಿರಲಿಲ್ಲ. ನಡುವಣ ತೊಟ್ಟಿಯ ಸುತ್ತ ಮರದ ಕಂಬಗಳು ಒಳಗಿನ ತೊಲೆಗಳನ್ನು ಹೊತ್ತವು. ಅದೇ ಕಂಬಗಳ ಸಾಲು ಪಡಸಾಲೆಗೆ ನೆರಳನ್ನು ಕೊಟ್ಟಿತು. ತೊಟ್ಟಿಯ ಮೇಲಣ ತೆರೆದ ಬಾನಿನ ಕಡೆಗೆ ರಾತ್ರಿಯೆಲ್ಲ ನೆಲವೂ ಹೆಂಚೂ ತಮ್ಮ ಶಾಖವನ್ನು ಬಿಟ್ಟುಕೊಟ್ಟು ತಣಿಯುತ್ತಿದ್ದವು. ಹೀಗೆ ತಣಿದ ಗಾಳಿಯು ಭಾರವಾಗಿ ಕೆಳಗಿಳಿದು ಕೊಠಡಿಗಳೊಳಗೆ ಹರಡುತ್ತಿತ್ತು. ಇಲ್ಲಿ ಇದು ಭಾರಕ್ಕೆ, ಇದು ಹವೆಗೆ ಎಂದು ಬೆರಳಿಟ್ಟು ತೋರಿಸಬಹುದಾದ ಯಾವ ಭಾಗವೂ ಇಲ್ಲ.

ಘಟ್ಟವನ್ನಿಳಿದು ಕರಾವಳಿಗೆ ಹೋದರೆ ಮನೆಯ ರೂಪವೇ ಬೇರೆ. ಅಲ್ಲಿ ಗೋಡೆಗೆ ಮುರಕಲ್ಲು. ಇದನ್ನು ನೆಲದೊಳಗಿನಿಂದ ಹಸಿಯಾಗಿ ತೆಗೆಯುವಾಗ ಉಪಕರಣದಿಂದ ಸುಲಭವಾಗಿ ಕತ್ತರಿಸಬಹುದು. ಗಾಳಿಗಿಟ್ಟರೆ ಕ್ರಮೇಣ ಗಡುಸಾಗುತ್ತದೆ. ದಕ್ಷಿಣದೇಶದಲ್ಲಿ ಸಂಚಾರ ಮಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮಲಬಾರಿನಲ್ಲಿ ಈ ಕಲ್ಲನ್ನು ಕಂಡು, ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ಸುಡದೆಯೇ ದೊರೆಯುವ ಇಟ್ಟಿಗೆ ಅದು. ಆದರೆ ಕರಾವಳಿಯಲ್ಲಿ ಬೇಸಗೆಯ ರಾತ್ರಿ ಕೂಡ ೨೫ ಡಿಗ್ರಿಗಿಂತ ಕೆಳಗಿಳಿಯುವುದು ಕಡಮೆ. ಗಾಳಿಯಲ್ಲಿ ನೀರಿನ ಅಂಶ ಹೆಚ್ಚು. ಹಗಲಿನ ಶಾಖವನ್ನು ಗೋಡೆಯಲ್ಲಿ ಕೂಡಿಟ್ಟುಕೊಂಡರೆ ಅದನ್ನು ಕಳೆಯಲು ತಣ್ಣನೆಯ ರಾತ್ರಿಯೇ ಇಲ್ಲ. ಅಲ್ಲಿ ಮೈಗೆ ಹಿತ ಕೊಡುವುದು ದಪ್ಪ ಗೋಡೆಯಲ್ಲ, ಸುಳಿದಾಡುವ ಗಾಳಿ. ಆದುದರಿಂದ ಅಲ್ಲಿ ಚಾವಣಿಯೇ ಮುಖ್ಯ. ಕಡಿದಾದ ಇಳಿಜಾರು, ಕೆಳಕ್ಕೆ ಚಾಚಿದ ಸೂರು, ಸುತ್ತ ಜಗಲಿ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬಾತನು ೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ, ನೇತ್ರಾವತಿಯ ಜೇಡಿಯಿಂದಾದ ಮಂಗಳೂರು ಹೆಂಚು ಆ ಚಾವಣಿಗೆ ಒದಗಿತು. ಒಂದರೊಳಗೊಂದು ಕಚ್ಚಿಕೊಳ್ಳುವ ಈ ಹೆಂಚು ಮಳೆಯ ನೀರನ್ನು ಕೆಳಗೆ ಜಾರಿಸುತ್ತದೆ. ಆದರೆ ಹೆಂಚುಗಳ ಸಂದಿನಲ್ಲಿ ಬಿಸಿಗಾಳಿ ಮೇಲಕ್ಕೆ ಹೊರಟುಹೋಗಲು ಎಡೆಯುಂಟು. ನೀರಿಗೆ ತಡೆ, ಗಾಳಿಗೆ ದಾರಿ.

ಇನ್ನು ಬಿಜಾಪುರದ ಕಡೆಯ ಬಯಲುಸೀಮೆಗೆ ಹೋದರೆ, ಮಳೆ ಕಡಮೆ, ಬಿಸಿಲು ಕಠಿಣ. ಅಲ್ಲಿ ಇಳಿಜಾರು ಮಾಡು ಬೇಡವಾಯಿತು. ಮರದ ಜಂತೆಗಳ ಮೇಲೆ ದಪ್ಪವಾಗಿ ಮಣ್ಣು ಹೊದಿಸಿದ ಮಟ್ಟಸವಾದ ಮಾಳಿಗೆ ಬಂತು. ಕಲ್ಲಿನ ಗೋಡೆಗಳಲ್ಲಿ ಕಿಟಕಿಗಳು ಚಿಕ್ಕವಾದವು. ಬೆಳಕು ಮಾಳಿಗೆಯ ಬೆಳಕಿಂಡಿಯಿಂದ ಇಳಿಯಿತು. ಬೇಸಗೆಯಲ್ಲಿ ಆ ಮಾಳಿಗೆಯೇ ಮಲಗುವ ಮನೆಯೂ ಆಯಿತು.

ಒಂದೇ ಕನ್ನಡನಾಡಿನಲ್ಲಿ ಮೂರು ಬಗೆಯ ಮನೆಗಳು ಏಕೆ ಹುಟ್ಟಿದವೆಂಬುದನ್ನು ನೋಡಿದರೆ ಒಂದು ತತ್ತ್ವ ಗೊತ್ತಾಗುತ್ತದೆ. ಭಾರ ಹೊರುವ ರೀತಿ, ಸಾಮಗ್ರಿ, ಹವೆ ಇವು ಮೂರೂ ಒಂದನ್ನೊಂದು ನಿರ್ಣಯಿಸುತ್ತವೆ. ಕರಾವಳಿಯ ಮಾಡನ್ನು ಬಿಜಾಪುರಕ್ಕೆ ಒಯ್ದರೂ, ಬಿಜಾಪುರದ ಮಾಳಿಗೆಯನ್ನು ಉಡುಪಿಗೆ ಒಯ್ದರೂ ಪ್ರಯೋಜನವಿಲ್ಲ. ಅನುಕರಣೆ ಮಾಡತಕ್ಕದ್ದು ಹಳೆಯ ಮನೆಯ ಆಕಾರವನ್ನಲ್ಲ, ಅದರ ಹಿಂದಿರುವ ಯೋಚನೆಯನ್ನು. ಹಳೆಯ ಮನೆಗಳಲ್ಲಿ ದೋಷಗಳೂ ಇದ್ದವೆಂಬುದನ್ನು ಮರೆಯಬಾರದು. ಒಳಕೋಣೆಗಳಲ್ಲಿ ಕತ್ತಲೆ, ಮರಕ್ಕೆ ಗೆದ್ದಲು, ಗೋಡೆಯ ಬುಡಕ್ಕೆ ಮಳೆನೀರಿನ ಭಯ, ವರ್ಷ ವರ್ಷವೂ ಸಾರಣೆ ಮತ್ತು ಹೆಂಚು ಕೈಯಾಡಿಸುವ ಕೆಲಸ. ಇವುಗಳಿಂದ ಬೇಸತ್ತವರು ಹೊಸದೊಂದನ್ನು ಬಯಸಿದುದರಲ್ಲಿ ತಪ್ಪೇನೂ ಇಲ್ಲ.

ಆ ಹೊಸದು ಉಕ್ಕು ಮತ್ತು ಸಿಮೆಂಟುಗಳ ರೂಪದಲ್ಲಿ ಬಂದಿತು. ಕಾಂಕ್ರೀಟು ಒತ್ತುವ ಭಾರವನ್ನು ಚೆನ್ನಾಗಿ ತಡೆಯುತ್ತದೆ. ಎಳೆದರೆ ಬಿರುಕು ಬಿಡುತ್ತದೆ. ಉಕ್ಕಿನ ಸಲಾಕಿಯು ಎಳೆತವನ್ನು ತಡೆಯುತ್ತದೆ. ಇವೆರಡನ್ನೂ ಕೂಡಿಸಿದಾಗ ಕಂಬ, ತೊಲೆ, ತೆಳುವಾದ ಹಾಸುಗಳ ಒಂದು ಚೌಕಟ್ಟು ಸಾಧ್ಯವಾಯಿತು. ೧೯೧೪ರಲ್ಲಿ ಲ ಕಾರ್ಬೂಸಿಯೇ ಎಂದು ಮುಂದೆ ಪ್ರಸಿದ್ಧನಾದ ಶಿಲ್ಪಿಯು, ಆರು ಕಂಬಗಳು, ಮೂರು ಹಾಸುಗಳು, ಒಂದು ಮೆಟ್ಟಿಲು, ಇಷ್ಟೇ ಇರುವ ಮನೆಯ ಅಸ್ಥಿಪಂಜರವೊಂದನ್ನು ಚಿತ್ರಿಸಿ ತೋರಿಸಿದನು. ಅದರಲ್ಲಿ ಗೋಡೆಯೇ ಇಲ್ಲ. ಭಾರ ಹೊರುವ ಕೆಲಸದಿಂದ ಗೋಡೆಗೆ ಬಿಡುಗಡೆಯಾಯಿತು. ಅದು ಬೇಕಾದರೆ ತೆಳುವಾಗಬಹುದು, ಗಾಜಾಗಬಹುದು. ಹವೆಯ ಕೆಲಸದಿಂದ ಅದಕ್ಕೆ ಬಿಡುಗಡೆ ಕೊಡುವ ಸಾಧನವೂ ಅಷ್ಟರಲ್ಲಿ ಹುಟ್ಟಿತ್ತು. ೧೯೦೨ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿದ್ದ ಒಂದು ಮುದ್ರಣಾಲಯಕ್ಕಾಗಿ ಗಾಳಿಯ ತೇವವನ್ನು ಹತೋಟಿಯಲ್ಲಿಡುವ ಯಂತ್ರವನ್ನು ಯೋಜಿಸಿದನು. ಕಾಗದವು ತೇವಕ್ಕೆ ಹಿಗ್ಗಿ ಬಣ್ಣದ ಅಚ್ಚು ತಪ್ಪುತ್ತಿದ್ದುದೇ ಅದಕ್ಕೆ ಕಾರಣ. ಕಾಗದದ ಆರೋಗ್ಯಕ್ಕಾಗಿ ಹುಟ್ಟಿದ ಆ ಯಂತ್ರವು ಮುಂದೆ ಮನುಷ್ಯರ ಸುಖಕ್ಕೂ ಒದಗಿತು. ಚೌಕಟ್ಟೂ ಯಂತ್ರವೂ ಮಾನವನ ಬುದ್ಧಿಗೆ ಕೀರ್ತಿ ತರುವಂಥವು. ದೋಷವು ಅವುಗಳಲ್ಲಿಲ್ಲ, ಅವು ಬಂದ ಮೇಲೆ ಗೋಡೆಗೆ ಬೇರೆ ಕೆಲಸವಿತ್ತೆಂಬುದನ್ನು ನಾವು ಮರೆತುದರಲ್ಲಿದೆ.

ಮರೆತುದರ ಫಲವನ್ನು ಬೆಂಗಳೂರಿನ ಯಾವ ಹೊಸ ಬಡಾವಣೆಯಲ್ಲಾದರೂ ನೋಡಬಹುದು. ಮೇಲಂತಸ್ತಿನ ಚಾವಣಿ ನಾಲ್ಕೈದು ಅಂಗುಲದ ಕಾಂಕ್ರೀಟು. ಭಾರದ ದೃಷ್ಟಿಯಿಂದ ಇಷ್ಟು ದಪ್ಪ ಸಾಕು. ಆದರೆ ಹವೆಯ ದೃಷ್ಟಿಯಿಂದ ಏನಾಗುತ್ತದೆ? ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ತಿಂಗಳಿನ ನಡುಹಗಲಿನ ಸೂರ್ಯನು ಬಹುಮಟ್ಟಿಗೆ ನೆತ್ತಿಯ ಮೇಲೆಯೇ ಇರುವುದರಿಂದ ಮನೆಗೆ ಬೀಳುವ ಬಿಸಿಲಿನಲ್ಲಿ ಅತ್ಯಧಿಕ ಪಾಲು ಚಾವಣಿಯದು. ಅಷ್ಟು ತೆಳುವಾದ ಹಾಸನ್ನು ದಾಟಲು ಶಾಖಕ್ಕೆ ಮೂರು ನಾಲ್ಕು ಗಂಟೆ ಸಾಕು. ನಡುಹಗಲಿನ ಬೆಂಕಿಯು ಸಾಯಂಕಾಲಕ್ಕೆ ಸರಿಯಾಗಿ, ಮಕ್ಕಳು ಶಾಲೆಯಿಂದಲೂ ಹಿರಿಯರು ಕಚೇರಿಯಿಂದಲೂ ಮನೆಗೆ ಬರುವ ಹೊತ್ತಿಗೆ, ತಲೆಯ ಮೇಲೆ ಇಳಿಯತೊಡಗುತ್ತದೆ. ಒಂಬತ್ತು ಅಂಗುಲದ ಇಟ್ಟಿಗೆ ಗೋಡೆಯಾದರೆ ಇದೇ ಶಾಖವನ್ನು ಸುಮಾರು ಆರೇಳು ಗಂಟೆ ತಡೆಯುತ್ತದೆ. ಇನ್ನು ಪಡುವಲ ಕಡೆಗೆ ದೊಡ್ಡ ಗಾಜಿನ ಕಿಟಕಿಯಿಟ್ಟರೆ ಈ ತಡೆಯೂ ಇಲ್ಲ. ಬಿಸಿಲು ಗಾಜನ್ನು ಸುಲಭವಾಗಿ ದಾಟಿ ಒಳಗೆ ಬರುತ್ತದೆ. ಒಳಗಿನ ವಸ್ತುಗಳು ಕಾದು ಹೊರಸೂಸುವ ಶಾಖವನ್ನು ಗಾಜು ಹೊರಕ್ಕೆ ಬಿಡುವುದಿಲ್ಲ.

ಆಗ ಮನೆಯ ಯಜಮಾನನು ಹವಾನಿಯಂತ್ರಕವನ್ನು ತರಿಸುತ್ತಾನೆ. ಈ ಯಂತ್ರವು ಶಾಖವನ್ನು ಇಲ್ಲವೆನಿಸುವುದಿಲ್ಲ. ಒಳಗಿನಿಂದ ಎತ್ತಿ ಹೊರಗೆ ಹಾಕುತ್ತದೆ. ಕೊಠಡಿಯಿಂದ ಮೂರು ಅಳತೆಯ ಶಾಖವನ್ನು ಎತ್ತಲು ಒಂದು ಅಳತೆಯ ವಿದ್ಯುತ್ತು ಬೇಕಾದರೆ, ಆ ವಿದ್ಯುತ್ತೂ ಕೊನೆಗೆ ಶಾಖವೇ ಆಗುವುದರಿಂದ, ಬೀದಿಗೆ ಬೀಳುವುದು ನಾಲ್ಕು ಅಳತೆ. ಯಂತ್ರವನ್ನು ಕೊಳ್ಳಲಾರದ ಪಕ್ಕದ ಮನೆಯವರ ಕಿಟಕಿಯ ಮುಂದೆ, ತಗಡಿನ ಚಾವಣಿಯ ಕೆಳಗೆ ಬಾಡಿಗೆಗಿರುವವರ ಬಾಗಿಲ ಮುಂದೆ, ಆ ನಾಲ್ಕು ಅಳತೆಯೂ ಹೋಗಿ ನಿಲ್ಲುತ್ತದೆ. ಬೇಸಗೆಯಲ್ಲಿಯೂ ಬೀಸಣಿಗೆ ಬೇಡವೆಂದು ಹೆಸರಾಗಿದ್ದ ಬೆಂಗಳೂರಿನಲ್ಲಿ ೨೦೧೬ರ ಏಪ್ರಿಲ್ ತಿಂಗಳಿನಲ್ಲಿ ಉಷ್ಣತೆಯು ೩೯ ಡಿಗ್ರಿಯನ್ನು ದಾಟಿತು. ಊರು ಕಾದಷ್ಟೂ ಯಂತ್ರಗಳು ಹೆಚ್ಚುವುವು. ಯಂತ್ರಗಳು ಹೆಚ್ಚಿದಷ್ಟೂ ಊರು ಕಾಯುವುದು. ಈ ಸುಳಿಯಿಂದ ಹೊರಬರುವ ದಾರಿಯು ಯಂತ್ರದಂಗಡಿಯಲ್ಲಿಲ್ಲ, ಗೋಡೆ ಚಾವಣಿಗಳಲ್ಲಿದೆ.

ಇದು ಮನೆಯಲ್ಲಿ ವಾಸಮಾಡುವಾಗಿನ ವೆಚ್ಚ. ಮನೆ ಹುಟ್ಟುವುದಕ್ಕೆ ಮುಂಚೆಯೇ ಆಗುವ ವೆಚ್ಚವೊಂದುಂಟು. ಅದು ಕಣ್ಣಿಗೆ ಬೀಳುವುದಿಲ್ಲ. ಸಿಮೆಂಟಿಗಾಗಿ ಸುಣ್ಣಕಲ್ಲನ್ನೂ ಜೇಡಿಯನ್ನೂ ಕೂಡಿಸಿ ಸುಮಾರು ೧,೪೫೦ ಡಿಗ್ರಿಯವರೆಗೆ ಕಾಯಿಸಬೇಕು. ಆ ಬೆಂಕಿಗೆ ಬೇಕಾದ ಕಲ್ಲಿದ್ದಲಿನ ಹೊಗೆ ಒಂದು ಕಡೆ. ಇನ್ನೊಂದು ಕಡೆ, ಕಲ್ಲಿನ ಹೊಟ್ಟೆಯಿಂದಲೇ ಇಂಗಾಲಾಮ್ಲ ವಾಯು ಹೊರಡುತ್ತದೆ. ಶುದ್ಧವಾದ ಸುಣ್ಣಕಲ್ಲು ೧೦೦ ಸೇರು ಸುಟ್ಟರೆ ಉಳಿಯುವ ಸುಣ್ಣ ೫೬ ಸೇರು. ಮಿಕ್ಕ ೪೪ ಸೇರು ಈ ವಾಯುವಾಗಿ ಆಕಾಶವನ್ನು ಸೇರುತ್ತದೆ. ಒಲೆಗೆ ಎಂಥ ಉತ್ತಮವಾದ ಉರುವಲನ್ನು ಹಾಕಿದರೂ ಈ ೪೪ ತಪ್ಪುವುದಿಲ್ಲ. ಭೂಮಿಯ ಹವೆಯನ್ನು ಕಾಯಿಸುತ್ತಿರುವ ಈ ವಾಯುವಿನಲ್ಲಿ, ಮಾನವನ ಉದ್ಯಮಗಳಿಂದ ಹೊರಡುವ ಪಾಲನ್ನು ನೂರು ಎಂದಿಟ್ಟುಕೊಂಡರೆ ಏಳೆಂಟು ಪಾಲು ಸಿಮೆಂಟೊಂದರಿಂದಲೇ ಹುಟ್ಟುತ್ತದೆಂದು ಲೆಕ್ಕ. ಹಿಂದಿನವರ ಗಾರೆಗೂ ಸುಣ್ಣಕಲ್ಲನ್ನೇ ಸುಡುತ್ತಿದ್ದರಲ್ಲವೇ ಎಂದು ಕೇಳಬಹುದು. ಸುಡುತ್ತಿದ್ದರು; ಆದರೆ ಕಡಮೆ ಕಾವು ಸಾಕಾಗುತ್ತಿತ್ತು. ಅಲ್ಲದೆ ಗಾರೆಯು ಗಟ್ಟಿಯಾಗುವಾಗ ಅದೇ ವಾಯುವನ್ನು ಗಾಳಿಯಿಂದ ಹೀರಿಕೊಂಡು, ನಿಧಾನವಾಗಿ ಮತ್ತೆ ಸುಣ್ಣಕಲ್ಲೇ ಆಗುತ್ತಿತ್ತು.

ಇಷ್ಟು ಹೇಳಿದ ಮೇಲೆ, ಹಾಗಾದರೆ ಎಲ್ಲರೂ ಮಣ್ಣಿನ ಮನೆಗೆ ಹಿಂದಿರುಗಬೇಕೇ ಎಂಬ ಪ್ರಶ್ನೆ ಏಳುವುದು ಸಹಜ. ಬೇಕಾಗಿಲ್ಲ. ಹೊಸ ಸಾಮಗ್ರಿಗಳಿಂದಲೇ ಹಳೆಯ ಐಕ್ಯವನ್ನು ಸಾಧಿಸಬಹುದೆಂಬುದಕ್ಕೆ ಆಫ್ರಿಕದಿಂದ ಒಂದು ನಿದರ್ಶನವನ್ನು ಕೊಡುತ್ತೇನೆ. ಜಿಂಬಾಬ್ವೆ ದೇಶದ ರಾಜಧಾನಿಯಾದ ಹರಾರೆಯು ನಮ್ಮ ಬೆಂಗಳೂರಿನಂತೆಯೇ ಉಷ್ಣವಲಯದ ಎತ್ತರದ ಪ್ರಸ್ಥಭೂಮಿಯ ಮೇಲಿದೆ; ಎತ್ತರ ಸುಮಾರು ೧,೫೦೦ ಮೀಟರು. ಹಗಲು ಬಿಸಿ, ರಾತ್ರಿ ತಂಪು. ಅಲ್ಲಿ ಮಿಕ್ ಪಿಯರ್ಸ್ ಎಂಬ ವಾಸ್ತುಶಿಲ್ಪಿಯು ಅರಪ್ ಸಂಸ್ಥೆಯ ಎಂಜಿನಿಯರುಗಳೊಡನೆ ಮೊದಲಿನಿಂದಲೂ ಒಟ್ಟಿಗೆ ಕುಳಿತು ಯೋಜಿಸಿದ ಈಸ್ಟ್‌ಗೇಟ್ ಎಂಬ ಕಟ್ಟಡವು ೧೯೯೬ರಲ್ಲಿ ತೆರೆಯಿತು. ಒಂಬತ್ತು ಅಂತಸ್ತಿನ ಎರಡು ಉದ್ದನೆಯ ಭಾಗಗಳು. ನಡುವೆ ಗಾಜಿನ ಮಾಡಿನ ಅಂಗಳ. ಕೆಳಗೆ ಅಂಗಡಿಗಳು, ಮೇಲೆ ಕಚೇರಿಗಳು. ಇಷ್ಟು ದೊಡ್ಡ ಕಟ್ಟಡವಾದರೂ ಕಚೇರಿಗಳನ್ನು ತಣಿಸಲು ರೂಢಿಯ ಹವಾನಿಯಂತ್ರಕ ಯಂತ್ರಗಳಿಲ್ಲ.

ಅದು ತಣಿಯುವ ಕ್ರಮ ಹೀಗೆ. ಅದರ ಕಾಂಕ್ರೀಟಿನ ನೆಲಗಳು ಭಾರವನ್ನು ಹೊರುತ್ತವೆ; ಆದರೆ ಅವುಗಳ ನಡುವೆ ಗಾಳಿ ಹಾಯುವ ಪೊಳ್ಳುಗಳಿವೆ. ರಾತ್ರಿ ಬೀಸಣಿಗೆಗಳು ಹೊರಗಿನ ತಣ್ಣನೆಯ ಗಾಳಿಯನ್ನು ಈ ಪೊಳ್ಳುಗಳ ಮೂಲಕ ಧಾರಾಳವಾಗಿ ಹಾಯಿಸುತ್ತವೆ. ಹಗಲೆಲ್ಲ ಶಾಖವನ್ನು ಹೀರಿಕೊಂಡಿದ್ದ ಕಾಂಕ್ರೀಟು ತಣಿಯುತ್ತದೆ. ಮರುದಿನ ಅದೇ ದಾರಿಯಲ್ಲಿ ಸ್ವಲ್ಪ ಸ್ವಲ್ಪವೇ ಗಾಳಿಯನ್ನು ಬಿಟ್ಟರೆ ಅದು ತಂಪಾಗಿ ಕಚೇರಿಯೊಳಗೆ ಬರುತ್ತದೆ. ಜನರಿಂದಲೂ ದೀಪಗಳಿಂದಲೂ ಕಾದ ಗಾಳಿಯು ಮೇಲಕ್ಕೇರಿ, ಮಾಡಿನ ಮೇಲೆ ಸಾಲಾಗಿ ನಿಂತಿರುವ ಇಟ್ಟಿಗೆಯ ಹೊಗೆಗೂಡುಗಳಂಥ ಕೊಳವೆಗಳಿಂದ ಹೊರಹೋಗುತ್ತದೆ. ಕಿಟಕಿಗಳು ಚಿಕ್ಕವು; ಅವುಗಳ ಮೇಲೆ ಆಳವಾದ ನೆರಳುಗಳು. ತೊಟ್ಟಿಮನೆಯ ಮಣ್ಣಿನ ಗೋಡೆ ಏನು ಮಾಡುತ್ತಿತ್ತೋ ಅದನ್ನೇ ಇಲ್ಲಿ ಕಾಂಕ್ರೀಟಿನ ನೆಲ ಮಾಡುತ್ತಿದೆ. ಹೇಗಿದ್ದರೂ ಭಾರಕ್ಕಾಗಿ ಹಾಕಲೇಬೇಕಾಗಿದ್ದ ಕಾಂಕ್ರೀಟಿಗೆ ಇನ್ನೊಂದು ಕೆಲಸವನ್ನು ಒಪ್ಪಿಸಿದರು. ವಿದೇಶದಿಂದ ತರಿಸಬೇಕಾಗಿದ್ದ ದುಬಾರಿಯ ಯಂತ್ರಗಳ ವೆಚ್ಚ ಉಳಿಯಿತು.

ಈ ಕಟ್ಟಡಕ್ಕೆ ಗೆದ್ದಲಿನ ಹುತ್ತವೇ ಗುರುವೆಂದು ಪ್ರತೀತಿಯುಂಟು. ಹುತ್ತವು ಕೆಳಗಿನಿಂದ ಗಾಳಿಯನ್ನೆಳೆದು ಮೇಲಿನಿಂದ ಬಿಟ್ಟು ಒಳಗನ್ನು ತಂಪಾಗಿಡುತ್ತದೆಂದು ಆಗ ನಂಬಿದ್ದರು. ಆಮೇಲೆ ಸ್ಕಾಟ್ ಟರ್ನರ್ ಮತ್ತು ರೂಪರ್ಟ್ ಸೋರ್ ಎಂಬ ಸಂಶೋಧಕರು ಪರೀಕ್ಷಿಸಿ, ಹುತ್ತದೊಳಗಿನ ಉಷ್ಣತೆಯನ್ನು ನಿರ್ಣಯಿಸುವುದು ಸುತ್ತಣ ನೆಲವೇ ಹೊರತು ಗಾಳಿಯ ಸಂಚಾರವಲ್ಲವೆಂದೂ, ಹುತ್ತದ ಮುಖ್ಯವಾದ ಕೆಲಸವು ಶ್ವಾಸಕೋಶದಂತೆ ಕೆಟ್ಟ ವಾಯುವನ್ನು ಬದಲಿಸುವುದೆಂದೂ ೨೦೦೮ರಲ್ಲಿ ವಿವರಿಸಿದರು. ಗುರುವಿನ ಪಾಠವನ್ನು ಶಿಷ್ಯನು ತಪ್ಪಾಗಿ ಕೇಳಿಸಿಕೊಂಡರೂ ಕಟ್ಟಡವು ಚೆನ್ನಾಗಿಯೇ ಆಯಿತು. ಏಕೆಂದರೆ ಲೆಕ್ಕಗಳನ್ನು ಮಾಡಿದ್ದುದು ಹರಾರೆಯ ಹಗಲು ರಾತ್ರಿಗಳ ಮೇಲೆ. ಪ್ರಕೃತಿಯ ಅನುಕರಣೆಯೆಂಬ ಮಾತು ಕಿವಿಗೆ ಇಂಪಾಗಿದ್ದರೂ, ಕೊನೆಗೆ ಮನೆಯನ್ನು ಕಾಪಾಡುವುದು ಊರಿನ ಉಷ್ಣಮಾಪಕ.

ಈಸ್ಟ್‌ಗೇಟಿನಂಥ ಕಟ್ಟಡವನ್ನು ಕಟ್ಟುವ ಅವಕಾಶ ನಮ್ಮಲ್ಲಿ ಎಷ್ಟು ಜನಕ್ಕೆ ದೊರೆತೀತು? ಸಾಧಾರಣ ಸಂಸಾರಿಯ ಮನೆಗೆ ಹತ್ತಿರವಾದ ಉದಾಹರಣೆಗಳು ನಮ್ಮ ದೇಶದಲ್ಲಿಯೇ ಇವೆ. ೧೯೧೭ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿ, ೧೯೪೫ರಲ್ಲಿ ಭಾರತಕ್ಕೆ ಬಂದು, ೨೦೦೭ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ಲಾರಿ ಬೇಕರ್ ಅವರು ಜೀವಮಾನವೆಲ್ಲ ಕಡಮೆ ಖರ್ಚಿನ ಕಟ್ಟಡಗಳಿಗಾಗಿ ದುಡಿದರು. ಮನೆಯ ಸಾಮಗ್ರಿಯು ಐದು ಮೈಲಿ ಸುತ್ತಳತೆಯೊಳಗೆ ದೊರೆಯುವಂಥದಾಗಿರಬೇಕೆಂಬ ಗಾಂಧೀಜಿಯವರ ಅಭಿಪ್ರಾಯವು ತಮ್ಮ ಮನಸ್ಸಿನಲ್ಲಿ ನಾಟಿತೆಂದು ಅವರು ಹೇಳುತ್ತಿದ್ದರು. ೧೯೭೦ರ ದಶಕದಲ್ಲಿ ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರಕ್ಕೆ ಅವರು ಕಟ್ಟಿದ ಕಟ್ಟಡಗಳು ಈ ಮಾರ್ಗಕ್ಕೆ ಸಾಕ್ಷಿಯಾಗಿವೆ.

ಅವರು ಬಳಕೆಗೆ ತಂದ ಎರಡು ಉಪಾಯಗಳನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಮೊದಲನೆಯದು ಇಲಿಬೋನಿನ ಕಟ್ಟು. ಇಟ್ಟಿಗೆಯನ್ನು ಮಲಗಿಸದೆ ಮಗ್ಗುಲ ಮೇಲೆ ನಿಲ್ಲಿಸಿ ಕಟ್ಟಿದರೆ, ಒಂಬತ್ತು ಅಂಗುಲದ ಗೋಡೆಯ ನಡುವೆ ಪೊಳ್ಳುಗಳು ಉಳಿಯುತ್ತವೆ. ಗೋಡೆಯ ದಪ್ಪ ಅದೇ. ಇಟ್ಟಿಗೆ ಸುಮಾರು ಕಾಲುಭಾಗ ಕಡಮೆ. ಪೊಳ್ಳಿನಲ್ಲಿ ನಿಂತ ಗಾಳಿಯು ಶಾಖದ ದಾರಿಗೆ ಅಡ್ಡವಾಗುತ್ತದೆ. ಎರಡನೆಯದು ಚಾವಣಿಯದು. ಎರಡು ಗೋಡೆಗಳ ಮೇಲೆ ಮಲಗಿದ ಕಾಂಕ್ರೀಟು ಹಾಸಿನ ನಡುಭಾಗದಲ್ಲಿ ಮೇಲಣ ಅರ್ಧ ಒತ್ತಡಕ್ಕೆ ಒಳಗಾಗುತ್ತದೆ, ಕೆಳಗಣ ಅರ್ಧ ಎಳೆತಕ್ಕೆ. ಎಳೆತವನ್ನು ಹೊರುವುದು ಉಕ್ಕೇ ಆದುದರಿಂದ ಕೆಳಭಾಗದ ಕಾಂಕ್ರೀಟಿಗೆ ಉಕ್ಕನ್ನು ಹಿಡಿದುಕೊಂಡಿರುವುದಕ್ಕಿಂತ ಹೆಚ್ಚಿನ ಕೆಲಸವಿಲ್ಲ. ಹೀಗೆ ಸೋಮಾರಿಯಾಗಿ ಕುಳಿತಿರುವ ಕಾಂಕ್ರೀಟನ್ನು ತೆಗೆದು, ಸಲಾಕಿಗಳ ನಡುವಣ ಚೌಕಗಳಲ್ಲಿ ಜೋಡಿ ಜೋಡಿಯಾಗಿ ಮಂಗಳೂರು ಹೆಂಚುಗಳನ್ನಿಟ್ಟರೆ ಹಾಸು ಹಗುರವಾಗುತ್ತದೆ, ಸಿಮೆಂಟು ಉಳಿಯುತ್ತದೆ, ಹಾಸು ಹಗುರವಾದುದರಿಂದ ಉಕ್ಕೂ ಸ್ವಲ್ಪ ಉಳಿಯುತ್ತದೆ, ಎರಡು ಹೆಂಚುಗಳ ನಡುವಣ ಗಾಳಿಯಿಂದ ಶಾಖವೂ ಸ್ವಲ್ಪ ತಡೆಯುತ್ತದೆ. ಭಾರದ ಶಾಸ್ತ್ರವನ್ನು ಚೆನ್ನಾಗಿ ತಿಳಿದವನಿಗೆ ಮಾತ್ರವೇ, ಯಾವ ವಸ್ತುವನ್ನು ಎಲ್ಲಿಂದ ಕಳೆಯಬಹುದೆಂಬುದು ಗೊತ್ತಾಗುತ್ತದೆ.

ನಮ್ಮ ಬೆಂಗಳೂರಿನ ಕಾಣಿಕೆಯೂ ಇದರಲ್ಲುಂಟು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ಅಸ್ತ್ರ ಎಂಬ ಕೇಂದ್ರವು ಹುಟ್ಟಿತು. ವಿಜ್ಞಾನವನ್ನು ಹಳ್ಳಿಗಳ ಉಪಯೋಗಕ್ಕೆ ತರುವುದು ಅದರ ಉದ್ದೇಶ. ಅಲ್ಲಿ ಕೆ. ಎಸ್. ಜಗದೀಶ್ ಮೊದಲಾದವರು ಮಣ್ಣಿನ ಗಚ್ಚು ಇಟ್ಟಿಗೆಯನ್ನು ಕುರಿತು ಬಹುಕಾಲ ಶ್ರಮಿಸಿದರು. ಮಣ್ಣಿಗೆ ನೂರಕ್ಕೆ ಐದರಿಂದ ಎಂಟರಷ್ಟು ಸಿಮೆಂಟನ್ನು ಬೆರಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಕೆಲವು ವಾರ ನೀರು ಹಾಕಿ ಹದಗೊಳಿಸಿದರೆ ಇಟ್ಟಿಗೆ ಸಿದ್ಧ. ಆವಿಗೆಯಿಲ್ಲ, ಸೌದೆಯಿಲ್ಲ, ಹೊಗೆಯಿಲ್ಲ. ಇದರಿಂದ ಕಟ್ಟಿದ ಗೋಡೆಗೆ ತಗಲುವ ಶಕ್ತಿಯು ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವ ಶಕ್ತಿಯ ಮೂರನೆಯ ಒಂದು ಪಾಲು ಮಾತ್ರ. ಎರಡು ಮೂರು ಅಂತಸ್ತಿನ ಭಾರವನ್ನು ಅದು ಹೊರಬಲ್ಲದು. ಆದರೆ ಎಲ್ಲ ಮಣ್ಣೂ ಇದಕ್ಕೆ ಒದಗುವುದಿಲ್ಲ. ಬೆಂಗಳೂರಿನ ಸುತ್ತಣ ಮರಳು ಹೆಚ್ಚಾಗಿರುವ ಕೆಂಪುಮಣ್ಣು ಒಳ್ಳೆಯದು. ನೀರಿಗೆ ಹಿಗ್ಗಿ ಬಿಸಿಲಿಗೆ ಬಿರಿಯುವ ಎರೆಮಣ್ಣನ್ನು ಹಾಗೆಯೇ ಬಳಸಲಾಗದು. ಅಸ್ತಿಭಾರಕ್ಕಾಗಿ ಅಗೆದ ಮಣ್ಣು ತಕ್ಕದ್ದಾಗಿದ್ದರೆ, ಅದೇ ಗೋಡೆಯಾಗಿ ನಿಲ್ಲಬಹುದು.

ಇವುಗಳಿಗೂ ಮಿತಿಯುಂಟು. ಹತ್ತು ಹನ್ನೆರಡು ಅಂತಸ್ತಿನ ಕಟ್ಟಡಕ್ಕೆ ಚೌಕಟ್ಟು ಬೇಕೇ ಬೇಕು. ಭೂಕಂಪದ ಸೀಮೆಗಳಲ್ಲಿ ಉಕ್ಕಿನ ಕಟ್ಟು ಪ್ರಾಣರಕ್ಷಕ. ಇಲಿಬೋನಿನ ಕಟ್ಟನ್ನು ಎಚ್ಚರಿಕೆಯಿಂದ ಕಟ್ಟುವ ಗಾರೆಯವರು ಸುಲಭವಾಗಿ ಸಿಕ್ಕುವುದಿಲ್ಲ. ಆ ಕೈಚಳಕವನ್ನು ಕಲಿಸುವ ಏರ್ಪಾಟು ಆಗಬೇಕು. ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಗೋಡೆ ದಪ್ಪವಾದಷ್ಟೂ ಕೊಠಡಿ ಕಿರಿದಾಗುವುದು. ಈ ಆಕ್ಷೇಪಣೆಗಳು ನ್ಯಾಯವಾದುವೇ. ಆದರೆ ಅವು ಹೇಳುವುದು ಎಲ್ಲ ಮನೆಗೂ ಒಂದೇ ಮದ್ದಿಲ್ಲವೆಂದು, ಮದ್ದೇ ಇಲ್ಲವೆಂದಲ್ಲ.

ಮನೆ ಕಟ್ಟಿಸಬೇಕೆಂದಿರುವವರು ಕಾಸು ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಕೆಲವು ಕಾರ್ಯಗಳಿವೆ. ಮೊದಲು ದಿಕ್ಕು. ನಮ್ಮಲ್ಲಿ ತೆಂಕಲ ಮತ್ತು ಬಡಗಲ ಕಿಟಕಿಗಳಿಗೆ ನೆರಳು ಕೊಡುವುದು ಸುಲಭ. ಮಾರ್ಚಿಯಿಂದ ಜೂನಿನವರೆಗೆ ನಡುಹಗಲಿನ ಸೂರ್ಯನು ಬಹು ಮೇಲಿರುವುದರಿಂದ, ನಾಲ್ಕಡಿ ಎತ್ತರದ ಕಿಟಕಿಗೆ ಒಂದಡಿಯ ಸಜ್ಜವು ಆ ಹೊತ್ತಿನ ಬಿಸಿಲನ್ನು ಬಹುಮಟ್ಟಿಗೆ ತಡೆಯುತ್ತದೆ. ಪಡುವಲ ಬಿಸಿಲು ಅಡ್ಡಲಾಗಿ ಬರುವುದರಿಂದ ಅದನ್ನು ಯಾವ ಸಜ್ಜವೂ ತಡೆಯದು; ಆ ಕಡೆಗೆ ಮೆಟ್ಟಿಲು, ಸ್ನಾನದ ಮನೆ, ಉಗ್ರಾಣಗಳನ್ನೋ ಹೊರಗೊಂದು ಮರವನ್ನೋ ಇಡುವುದು ವಿವೇಕ. ಆಮೇಲೆ ಚಾವಣಿ. ಅದರ ಮೇಲೆ ಬಿಳಿಯ ಸುಣ್ಣ ಬಳಿದರೂ ಬಿಸಿಲಿನ ಬಹುಭಾಗ ಹಿಂದಿರುಗುತ್ತದೆ. ಕಿಟಕಿಗೆ ಎದುರಾಗಿ ಇನ್ನೊಂದು ಕಿಟಕಿಯೋ ಬಾಗಿಲೋ ಇರಬೇಕು. ಒಳಬಂದ ಗಾಳಿಗೆ ಹೊರಹೋಗುವ ದಾರಿಯಿಲ್ಲದಿದ್ದರೆ ಅದು ಒಳಗೆ ಬರುವುದೇ ಇಲ್ಲ. ಬೇಸಗೆಯಲ್ಲಿ ಹಗಲು ಕಿಟಕಿಗಳನ್ನು ಮುಚ್ಚಿ ರಾತ್ರಿ ತೆರೆದಿಡುವುದು ನಮ್ಮ ಪ್ರಸ್ಥಭೂಮಿಯಲ್ಲಿ ಹಿತಕರ. ಕಳ್ಳಕಾಕರ, ಸೊಳ್ಳೆಗಳ ಭಯಕ್ಕೆ ಕಂಬಿಯೂ ಜಾಲರಿಯೂ ಇವೆ.

ಇವೆಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಈಗ ನಮ್ಮಲ್ಲಿ ನಡೆಯುವ ಕ್ರಮವೇನೆಂದರೆ, ಮೊದಲು ಒಬ್ಬರು ನಕ್ಷೆ ಬರೆಯುವರು. ಆಮೇಲೆ ಇನ್ನೊಬ್ಬರು ಅದಕ್ಕೆ ಕಂಬ ತೊಲೆಗಳನ್ನು ಲೆಕ್ಕ ಹಾಕುವರು. ಕಟ್ಟಡವೆಲ್ಲ ಮುಗಿದು, ಗೃಹಪ್ರವೇಶವಾಗಿ, ಮೊದಲ ಬೇಸಗೆ ಬಂದಾಗ ಮೂರನೆಯವರನ್ನು ಕರೆಸಿ ಯಂತ್ರವನ್ನು ಗೋಡೆಗೆ ತೂಗುಹಾಕಿಸುವೆವು. ಈ ಮೂರು ಮಾತುಕತೆಗಳು ಮೂರು ಕಾಲಗಳಲ್ಲಿ ಆಗುವುದಕ್ಕೆ ಬದಲಾಗಿ, ಕಾಗದದ ಮೇಲೆ ಮೊದಲ ಗೆರೆ ಬೀಳುವುದಕ್ಕೆ ಮುಂಚೆ ಒಂದೇ ದಿನ ಆಗಲಿ. ಕಂಬ, ಗೋಡೆ, ಚಾವಣಿ ಇವುಗಳಲ್ಲಿ ಒಂದೊಂದನ್ನೂ ತೋರಿಸಿ, ಇದು ಹೊರುವ ಭಾರವೆಷ್ಟು, ಇದು ಎಲ್ಲಿಂದ ಬಂದುದು, ಮಧ್ಯಾಹ್ನ ಮೂರು ಗಂಟೆಗೆ ಇದು ಏನು ಮಾಡುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಮನೆಯ ಯಜಮಾನನೂ ಯಜಮಾನಿಯೂ ಕೇಳಲಿ. ಉತ್ತರ ಹೇಳುವ ವಿದ್ಯೆಯು ಎಂಜಿನಿಯರುಗಳಲ್ಲಿಯೂ ಶಿಲ್ಪಿಗಳಲ್ಲಿಯೂ ಈಗ ಬೇಕಾದಷ್ಟಿದೆ. ಕೇಳುವವರಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಕೇಳುವವರು ಇಲ್ಲದಿದ್ದರೆ ಗೋಡೆಯು ಭಾರವನ್ನೂ ಹೊರದೆ ಬಿಸಿಲನ್ನೂ ತಡೆಯದೆ ಸುಮ್ಮನೆ ನಿಂತಿರುತ್ತದೆ, ಅದರ ಬಾಡಿಗೆಯನ್ನು ತಿಂಗಳು ತಿಂಗಳೂ ನಾವು ಕೊಡುತ್ತಿರುತ್ತೇವೆ.